ಪಾರ್ಕು ಮುಚ್ಚಿತು, ಡಾಲ್ಫಿನ್‌ಗಳು ಎಲ್ಲಿಗೆ?

ಅಮೆರಿಕದ ಫ್ಲೋರಿಡಾದಲ್ಲಿರುವ ಮಿಯಾಮಿ ಸೀಕ್ವೇರಿಯಂ 2025ರ ಅಕ್ಟೋಬರ್ 12ರಂದು ಬಾಗಿಲು ಹಾಕಿತು. ಎಪ್ಪತ್ತು ವರ್ಷ ನಡೆದ ಪಾರ್ಕು ಅದು. ಡಾಲ್ಫಿನ್ ಜೊತೆ ನೀರಿಗಿಳಿಯುವುದು, ಕಡಲಸಿಂಹದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದು, ಮಕ್ಕಳ ಕೈಯಿಂದ ಮೀನು ತಿನ್ನಿಸುವುದು ಅಲ್ಲಿನ ಆಕರ್ಷಣೆ. ಮುಚ್ಚಿದ ಸುದ್ದಿ ಓದಿದವರಿಗೆ ತಲೆಬುಡ ಗೊತ್ತಾಗದಿದ್ದರೆ ಆಶ್ಚರ್ಯವಿಲ್ಲ. ನೆಲ ಕೌಂಟಿ (ಜಿಲ್ಲಾ) ಸರ್ಕಾರದ್ದು, ಗುತ್ತಿಗೆ ಒಂದು ಕಂಪನಿಯದು, ಪ್ರಾಣಿಗಳ ತಪಾಸಣೆ ಕೇಂದ್ರ ಕೃಷಿ ಇಲಾಖೆಯದು, ದಿವಾಳಿ ಅರ್ಜಿ ಡೆಲಾವೇರ್ ರಾಜ್ಯದಲ್ಲಿರುವ ಕೇಂದ್ರದ ಕೋರ್ಟಿನಲ್ಲಿ. ಇದರ ನಡುವೆ ದೇಶದ ಇನ್ನೊಂದು ತುದಿಯ ಮೂಲನಿವಾಸಿ ಸಮುದಾಯವೊಂದು ‘ಅದು ನಮ್ಮ ಮನೆಯ ಹೆಣ್ಣುಮಗಳು’ ಎಂದು ‘ಕಿಲ್ಲರ್ ವೇಲ್’ ಎಂದೂ ಕರೆಸಿಕೊಳ್ಳುವ ಒಂದು ಓರ್ಕಾಗಾಗಿ ಹೋರಾಡುತ್ತಿತ್ತು.

ಫ್ಲೋರಿಡಾದಲ್ಲಿ ಡಾಲ್ಫಿನ್ ತೋರಿಸಿ ದುಡ್ಡು ಮಾಡುವ ಕಸುಬು ಶುರುವಾದದ್ದು 1938ರಲ್ಲಿ, ಸೇಂಟ್ ಆಗಸ್ಟೀನ್ ಹತ್ತಿರದ ಮರೀನ್ ಸ್ಟುಡಿಯೋಸ್‌ನಿಂದ. ನೀರಿನೊಳಗಿನ ಸಿನಿಮಾ ಚಿತ್ರೀಕರಣಕ್ಕೆಂದು ಕಟ್ಟಿದ ಜಾಗ ಅದು. 1955ರಲ್ಲಿ ಮಿಯಾಮಿಯ ವರ್ಜಿನಿಯಾ ಕೀ ದ್ವೀಪದಲ್ಲಿ ಸೀಕ್ವೇರಿಯಂ ಬಂತು. 1960ರ ದಶಕದ ‘ಫ್ಲಿಪ್ಪರ್’ ಟಿವಿ ಧಾರಾವಾಹಿಯ ಡಾಲ್ಫಿನ್‌ಗಳು ಇಲ್ಲಿಯವೇ. ಅವುಗಳನ್ನು ಹಿಡಿದು ಪಳಗಿಸಿದ ರಿಕ್ ಓಬ್ಯಾರಿ, ತನ್ನ ಕೈಯಲ್ಲೇ ಒಂದು ಡಾಲ್ಫಿನ್ ಪ್ರಾಣ ಬಿಟ್ಟ ಮೇಲೆ, 1970ರಲ್ಲಿ ಆ ಕೆಲಸಕ್ಕೆ ಬೆನ್ನು ಹಾಕಿದರು. ಆಮೇಲಿನ ಆಯುಷ್ಯವನ್ನೆಲ್ಲ ಸೆರೆಯ ಡಾಲ್ಫಿನ್‌ಗಳನ್ನು ಬಿಡಿಸುವ ಚಳವಳಿಗೆ ಕೊಟ್ಟರು.

ಅದೇ 1970ರ ಆಗಸ್ಟ್. ವಾಷಿಂಗ್ಟನ್ ರಾಜ್ಯದ ಪೆನ್ ಕೋವ್ ಎಂಬ ಕೊಲ್ಲಿ. ಈ ವಿವಾದದ ಬೇರು ಇರುವುದು ಅಲ್ಲಿ ಎಂಬುದು ನನ್ನ ಅನಿಸಿಕೆ. ಸ್ಪೀಡ್‌ಬೋಟು, ವಿಮಾನ, ಸಿಡಿಮದ್ದುಗಳ ಸದ್ದಿನಿಂದ ಸುಮಾರು 80 ಓರ್ಕಾಗಳನ್ನು ಕೊಲ್ಲಿಗೆ ಅಟ್ಟಿ ತಂದು ಬಲೆ ಕಟ್ಟಿದರು. ಹೆಸರಿಗೆ ತಿಮಿಂಗಿಲ ಅನ್ನಿಸಿಕೊಂಡರೂ ಓರ್ಕಾ ಡಾಲ್ಫಿನ್ ಕುಟುಂಬದ ಪ್ರಾಣಿ. ತಾಯಿಯ ಸುತ್ತ ಬಾಳುವ ಜೀವ, ದೊಡ್ಡದಾದ ಮೇಲೂ ಬಳಗ ಬಿಟ್ಟು ಹೋಗುವುದಿಲ್ಲ. ಲಾರಿಗೆ ಹಿಡಿಸುವುದು ಮರಿ ಮಾತ್ರವಾದ್ದರಿಂದ ಮರಿಗಳನ್ನೇ ಬೇರ್ಪಡಿಸಿದರು. ಏಳು ಮರಿಗಳು ಬೇರೆ ಬೇರೆ ಪಾರ್ಕುಗಳಿಗೆ ಹೋದವು. ಬಲೆಗೆ ಸಿಕ್ಕಿ ಉಸಿರುಗಟ್ಟಿ ಸತ್ತವು ಐದು. ಅವು ತೇಲಿ ಬಾರದಿರಲೆಂದು ಹೊಟ್ಟೆ ಸೀಳಿ, ಕಲ್ಲು ತುಂಬಿ, ಲಂಗರು ಕಟ್ಟಿ ಮುಳುಗಿಸಿದ್ದರು. ಕೆಲವು ತಿಂಗಳ ನಂತರ ಹೆಣಗಳು ದಡಕ್ಕೆ ಬಂದವು. ಜನ ರೊಚ್ಚಿಗೆದ್ದರು. 1976ರ ಹೊತ್ತಿಗೆ ಆ ರಾಜ್ಯದ ನೀರಿನಲ್ಲಿ ಓರ್ಕಾ ಹಿಡಿಯುವುದು ನಿಂತಿತು. ಹಿಡಿದು ಹಿಡಿದು ಮರಿಗಳ ಒಂದು ತಲೆಮಾರೇ ಖಾಲಿಯಾದ ಆ ಬಳಗ ಇಂದಿಗೂ ಚೇತರಿಸಿಕೊಂಡಿಲ್ಲ. ಈಗ ಉಳಿದಿರುವ ಓರ್ಕಾಗಳು 80ಕ್ಕಿಂತ ಕಡಿಮೆ.

ಆ ಏಳರಲ್ಲಿ ನಾಲ್ಕು ವರ್ಷದ ಆಸುಪಾಸಿನ ಒಂದು ಹೆಣ್ಣುಮರಿ ಮಿಯಾಮಿಗೆ ಬಂತು. ಮೊದಲು ಟೋಕಿಟೆ ಎಂದು ಕರೆದರು, ಪ್ರದರ್ಶನಕ್ಕೆ ಲೋಲಿಟಾ ಎಂದರು. 1968ರಲ್ಲಿ ಹಿಡಿದು ತಂದ ಹ್ಯೂಗೊ ಎಂಬ ಗಂಡು ಓರ್ಕಾ ಅಲ್ಲಿ ಮೊದಲೇ ಇತ್ತು. ಕೊಳದ ಗೋಡೆಗೆ ತಲೆ ಚಚ್ಚಿಕೊಳ್ಳುವ ಅಭ್ಯಾಸ ಅದಕ್ಕೆ. 1980ರಲ್ಲಿ ಮೆದುಳಿನ ರಕ್ತನಾಳ ಒಡೆದು ಸತ್ತಿತು. ಮುಂದಿನ 43 ವರ್ಷ ಟೋಕಿಟೆ ತನ್ನ ಜಾತಿಯ ಇನ್ನೊಂದು ಜೀವವನ್ನು ನೋಡಲಿಲ್ಲ.

ಆ ಕೊಳದ ಅಳತೆಯ ಜಗಳವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೇಂದ್ರದ ನಿಯಮದಂತೆ ಓರ್ಕಾ ಇಡುವ ಕೊಳದ ಅಗಲ ಕನಿಷ್ಠ 48 ಅಡಿ ಇರಬೇಕು. ಇಲ್ಲಿ ಕೊಳದ ನಡುವೆ ತರಬೇತುದಾರರು ನಿಲ್ಲುವ ಕಾಂಕ್ರೀಟ್ ದಿಬ್ಬವೊಂದಿತ್ತು. ಮುಂದಿನ ಗೋಡೆಯಿಂದ ದಿಬ್ಬದವರೆಗೆ ಇದ್ದದ್ದು 35 ಅಡಿ. ದಿಬ್ಬವನ್ನು ಗೋಡೆ ಎಂದು ಎಣಿಸಿದರೆ ಕೊಳ ಕಾನೂನುಬಾಹಿರ, ಎಣಿಸದಿದ್ದರೆ ಸರಿ. ಇಲಾಖೆ ಎಣಿಸಲಿಲ್ಲ. ಓರ್ಕಾದ ಮೈಯುದ್ದ ಸುಮಾರು 20 ಅಡಿ, ಕೊಳದ ಆಳವೂ ಅಷ್ಟೇ. ಮೇಲೆ ನೆರಳಿಲ್ಲ, ಫ್ಲೋರಿಡಾದ ಬಿಸಿಲು ನೆತ್ತಿಗೇ. ಕೊಳ ನಿಯಮಕ್ಕೆ ಪೂರ್ತಿ ಹೊಂದುವುದು ಅನುಮಾನ ಎಂದು ಇಲಾಖೆಯದೇ ಆಂತರಿಕ ತಪಾಸಣೆ ಒಪ್ಪಿಕೊಳ್ಳಲು 2017 ಬರಬೇಕಾಯಿತು. ಒಂದು ದಿಬ್ಬ ಗೋಡೆಯೋ ಅಲ್ಲವೋ ಎಂದು ತೀರ್ಮಾನಿಸಲು ದಶಕಗಳು ಬೇಕಿರಲಿಲ್ಲ. ಟೇಪು ಹಿಡಿದರೆ ತಿಳಿಯುತ್ತಿತ್ತು.

ಕೋರ್ಟಿನ ದಾರಿಯೂ ಹೀಗೇ ಸಾಗಿತು. ಆ ಓರ್ಕಾ ಬಳಗ 2005ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿತು, ಆದರೆ ಸೆರೆಯಲ್ಲಿದ್ದ ಟೋಕಿಟೆಯನ್ನು ಹೊರಗಿಟ್ಟರು. 2015ರಲ್ಲಿ ಸೇರಿಸಿದರು. ಸೇರಿಸಿದ ಮಾತ್ರಕ್ಕೆ ಬಿಡುಗಡೆಯಾಗಲಿಲ್ಲ. ಗಂಭೀರ ಹಾನಿಯ ಅಪಾಯವಿದೆ ಎಂದು ತೋರಿಸಬೇಕು, ಸೆರೆಯ ಸಂಕಟ ಸಾಲದು ಎಂದಿತು ಮೇಲ್ಮನವಿ ಕೋರ್ಟು.

2021ರ ಸರ್ಕಾರಿ ತಪಾಸಣೆ ವರದಿ ಪರಿಸ್ಥಿತಿಯನ್ನು ಬದಲಿಸಿತು. ಪಶುವೈದ್ಯರ ಸಲಹೆ ಕಡೆಗಣಿಸಿದ್ದು, ಕೆಟ್ಟ ಮೀನು ತಿನ್ನಿಸಿದ್ದು, ಆಹಾರದ ಪ್ರಮಾಣ ಇಳಿಸಿದ್ದು ಅದರಲ್ಲಿ ಬಯಲಾಯಿತು. 2022ರಲ್ಲಿ ಪಾರ್ಕು ಮೆಕ್ಸಿಕೊ ಮೂಲದ ಕಂಪನಿಯ ಕೈಗೆ ಬಂತು, ಟೋಕಿಟೆಯ ಪ್ರದರ್ಶನ ನಿಂತಿತು. 2023ರ ಮಾರ್ಚ್‌ನಲ್ಲಿ, ಆಕೆಯನ್ನು ಹುಟ್ಟಿದ ಕಡಲಿಗೆ ಒಯ್ಯುತ್ತೇವೆ, ಒಂದೂವರೆ ಎರಡು ವರ್ಷ ಸಾಕು ಎಂದು ಘೋಷಿಸಿದರು. ಖರ್ಚಿಗೆ ದಾನಿಯೂ ಸಿಕ್ಕಿದ್ದರು. ಆಗಸ್ಟ್ 18ರಂದು ಟೋಕಿಟೆ ಸತ್ತಿತು. ಕಿಡ್ನಿ ಕಾಯಿಲೆ, ನ್ಯುಮೋನಿಯಾ. ಆಕೆಗಾಗಿ ಹೋರಾಡುತ್ತಿದ್ದ ಲಮ್ಮಿ ಎಂಬ ಮೂಲನಿವಾಸಿ ಸಮುದಾಯದವರು ಬೂದಿಯನ್ನು ತಮ್ಮ ಕಡಲಿಗೆ ಒಯ್ದರು.

ಉಳಿದದ್ದು ಬೇಗ ಬೇಗ ನಡೆಯಿತು. ತಪಾಸಣೆಯೊಂದರಲ್ಲಿ ಡಾಲ್ಫಿನ್‌ನ ಗಂಟಲಲ್ಲಿ ಎರಡಿಂಚಿನ ಮೊಳೆ ಸಿಕ್ಕಿದ್ದು ವರದಿಯಾಯಿತು. 2024ರ ಮಾರ್ಚ್‌ನಲ್ಲಿ ಕೌಂಟಿ ಗುತ್ತಿಗೆ ರದ್ದುಗೊಳಿಸಿತು, ಕಂಪನಿ ಜಾಗ ಬಿಡದೆ ಕಾನೂನಿನ ಮೊರೆ ಹೋಯಿತು. 2025ರ ಮಾರ್ಚ್ ಕೊನೆಗೆ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಗುತ್ತಿಗೆಯ ಹಕ್ಕನ್ನು 2.25 ಕೋಟಿ ಡಾಲರ್‌ಗೆ ಕೊಳ್ಳಲು ಮಿಯಾಮಿಯ ಕಟ್ಟಡ ಉದ್ಯಮವೊಂದು ಮುಂದೆ ಬಂತು. ಹೊಸ ಯೋಜನೆಯಲ್ಲಿ ಅಕ್ವೇರಿಯಂ ಇದೆ, ರೆಸ್ಟೋರೆಂಟುಗಳಿವೆ, ಡಾಲ್ಫಿನ್ ಕಡಲಸಿಂಹಗಳಿಲ್ಲ.

ಅಂದರೆ ಅವು ಬೇರೆ ಕೊಳಗಳಿಗೆ ಹೋಗಬೇಕು. ಪಾರ್ಕುಗಳಲ್ಲಿ ಹೆಚ್ಚಾಗಿ ಕಾಣುವ ಬಾಟಲ್‌ನೋಸ್ ಡಾಲ್ಫಿನ್ 40 ವರ್ಷ ಮೀರಿ ಬದುಕಬಲ್ಲದು, ಕಂಪನಿಗಳು ಅಷ್ಟು ಬಾಳುವುದಿಲ್ಲ. ಕೊಳದ ಅಡಿ ಅಂಗುಲ ಕೇಳುವ ಅಮೆರಿಕದ ಕಾನೂನು, ಪಾರ್ಕು ಮುಳುಗಿದರೆ ಪ್ರಾಣಿಗಳ ಮುಂದಿನ ಅನ್ನಕ್ಕೆ ಹಣ ಎತ್ತಿಟ್ಟಿದ್ದೀರಾ ಎಂದು ಕೇಳುವುದಿಲ್ಲ. ಬೇರೆ ದೇಶಗಳೂ ಇದೇ ಕಗ್ಗಂಟಿನಲ್ಲಿವೆ. ಫ್ರಾನ್ಸ್ 2021ರಲ್ಲಿ ಪ್ರದರ್ಶನ ನಿಷೇಧಿಸುವ ಕಾನೂನು ತಂದಿತು. ಆಂಟೀಬ್‌ನ ಮರೀನ್‌ಲ್ಯಾಂಡ್ 2025ರ ಜನವರಿಯಲ್ಲಿ ಮುಚ್ಚಿದ ಮೇಲೂ ಓರ್ಕಾ ತಾಯಿ ಮಗ ಖಾಲಿ ಪಾರ್ಕಿನಲ್ಲೇ ಉಳಿದವು. ಕೆನಡಾದ ನಯಾಗರಾದ ಪಾರ್ಕೊಂದರ 30 ಬೆಲೂಗಾಗಳನ್ನು (ಬಿಳಿ ತಿಮಿಂಗಿಲಗಳನ್ನು) ಚೀನಾಕ್ಕೆ ಕಳಿಸಲು ಅಲ್ಲಿನ ಸರ್ಕಾರ 2025ರಲ್ಲಿ ಒಪ್ಪದಿದ್ದಾಗ, ಹಣ ಕೊಡದಿದ್ದರೆ ಕೊಲ್ಲಬೇಕಾದೀತು ಎಂಬ ಮಾತು ಆ ಪಾರ್ಕಿನಿಂದ ಬಂತು. ಅಮೆರಿಕದ ಬಾಲ್ಟಿಮೋರ್‌ನ ಅಕ್ವೇರಿಯಂ ತನ್ನ ಡಾಲ್ಫಿನ್‌ಗಳನ್ನು 2020ರೊಳಗೆ ಕಡಲಧಾಮಕ್ಕೆ ಸಾಗಿಸುವುದಾಗಿ 2016ರಲ್ಲೇ ಹೇಳಿತ್ತು. ಆ ಗಡುವು ಮೀರಿ ವರ್ಷಗಳಾದವು.

ನಮ್ಮಲ್ಲಿ ಈ ಕಷ್ಟವಿಲ್ಲದಿರುವುದಕ್ಕೆ ಕಾರಣವಿದೆ. 1990ರ ದಶಕದ ಕೊನೆಗೆ ಚೆನ್ನೈ ಸಮೀಪದ ಪಾರ್ಕಿಗೆ ಬಲ್ಗೇರಿಯಾದಿಂದ ತಂದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತವು. ಮುಂದೆ ಕೊಚ್ಚಿ, ಮಹಾರಾಷ್ಟ್ರಗಳಿಂದ ಹೊಸ ಪ್ರಸ್ತಾವ ಬಂದಾಗ ಕೇಂದ್ರ ಮೃಗಾಲಯ ಪ್ರಾಧಿಕಾರ 2013ರ ಮೇ 17ರ ಸುತ್ತೋಲೆಯಲ್ಲಿ ಡಾಲ್ಫಿನ್ ಪ್ರದರ್ಶನಕ್ಕೆ ಅನುಮತಿ ಇಲ್ಲವೆಂದಿತು. ಮನರಂಜನೆಗಾಗಿ ಅವನ್ನು ಕೂಡಿಹಾಕುವುದು ನೈತಿಕವಾಗಿ ಒಪ್ಪತಕ್ಕದ್ದಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಕಾರವಾರದ ದೇವಬಾಗ, ಕೂರ್ಮಗಡದ ಕಡೆ ದೋಣಿಯಲ್ಲಿ ಹೋದರೆ ಡಾಲ್ಫಿನ್ ಕಂಡರೂ ಕಂಡಾವು, ಕಾಣದಿದ್ದರೆ ವಾಪಸು ಬರಬೇಕು. ಅದೇ ಸರಿಯಾದ ಕ್ರಮ ಎಂದು ನಾನು ನಂಬುತ್ತೇನೆ. ಆದರೆ ದುಬೈ, ಫ್ಲೋರಿಡಾ ಪ್ರವಾಸಕ್ಕೆ ಹೋಗುವ ನಮ್ಮ ಮನೆಗಳ ಪಟ್ಟಿಯಲ್ಲಿ ಡಾಲ್ಫಿನ್ ಪ್ರದರ್ಶನ ಇನ್ನೂ ಇದೆ. ಆ ಟಿಕೆಟ್ಟಿನ ಹಣದಿಂದಲೇ ಮುಂದಿನ ಮರಿಗಳನ್ನು ಹುಟ್ಟಿಸುತ್ತಾರೆ.

ಮೊದಲು ನಿಲ್ಲಬೇಕಾದದ್ದು ಈ ಹುಟ್ಟಿಸುವಿಕೆ. ಈಗಿರುವ ಪ್ರಾಣಿಗಳಿಗೆ ಜಾಗ ಹುಡುಕುವುದೇ ದುಸ್ತರವಾಗಿರುವಾಗ ಇನ್ನಷ್ಟನ್ನು ಸಾಲಿಗೆ ಸೇರಿಸುವುದರಲ್ಲಿ ಅರ್ಥವಿಲ್ಲ. ಅಮೆರಿಕದ ಸೀವರ್ಲ್ಡ್ 2016ರಲ್ಲಿ ಓರ್ಕಾಗಳ ಸಂತಾನ ನಿಲ್ಲಿಸುವುದಾಗಿ ಪ್ರಕಟಿಸಿತು. ಬಾಟಲ್‌ನೋಸ್ ಡಾಲ್ಫಿನ್‌ಗಳಿಗೆ ಆ ನಿರ್ಧಾರವನ್ನು ಅನ್ವಯಿಸಲಿಲ್ಲ.