ಸೀಟು ಒಂದು ಕಡೆ, ಹಣ ಇನ್ನೊಂದು ಕಡೆ: ಸಮಾಜವಿಜ್ಞಾನದ ಪಿಎಚ್.ಡಿ. ಫೆಲೋಶಿಪ್ ಇಷ್ಟು ಗೋಜಲಾದದ್ದು ಹೇಗೆ?

ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ನೆಟ್ ಬರೆದವರು 'ನೆಟ್ ಆಯ್ತು' ಎಂದರೆ ಮೊದಲೆಲ್ಲ ಎರಡೇ ಅರ್ಥ. ಒಂದೋ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿದೆ, ಪಿಎಚ್.ಡಿ. ಮಾಡಲು ತಿಂಗಳು ತಿಂಗಳು ಹಣ ಬರುತ್ತದೆ. ಇಲ್ಲವೇ ಕಾಲೇಜಿನಲ್ಲಿ ಪಾಠ ಮಾಡುವ ಅರ್ಹತೆ ಸಿಕ್ಕಿದೆ. 2024ರ ಜೂನ್ ಸುತ್ತಿನಿಂದ ಮೂರನೆಯದೊಂದು ಅರ್ಥ ಸೇರಿಕೊಂಡಿತು: 'ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹ'. ಆ ಸುತ್ತಿನಲ್ಲಿ ಎಲ್ಲ ವಿಷಯಗಳೂ ಸೇರಿ ಜೆಆರ್‌ಎಫ್ ಪಡೆದವರು 4,970. ಪ್ರವೇಶಕ್ಕೆ ಮಾತ್ರ ಅರ್ಹರಾದವರು 1,12,070. ಈ ಎರಡನೆಯ ಗುಂಪಿನ ಕೈಯಲ್ಲಿ ಪ್ರಮಾಣಪತ್ರವಿದೆ, ಅದರ ಜೊತೆಗೆ ಬರುವ ಹಣವಿಲ್ಲ. 'ಪಾಸಾಗಿದೀನಿ, ಆದರೆ ಸ್ಕಾಲರ್‌ಶಿಪ್ ಇಲ್ಲ' ಎಂಬುದನ್ನು ಊರಲ್ಲಿರುವ ಅಪ್ಪ ಅಮ್ಮನಿಗೆ ಬಿಡಿಸಿ ಹೇಳುವುದು ಸುಲಭವಲ್ಲ.

ಈ ಗೋಜಲಿನ ಬೇರು ಹಳೆಯದು. ನಮ್ಮಲ್ಲಿ ಸಂಶೋಧನೆಯ ಸೀಟು ಕೊಡುವವರು ಒಬ್ಬರು, ಹಣ ಕೊಡುವವರು ಇನ್ನೊಬ್ಬರು. ಇಬ್ಬರ ಕ್ಯಾಲೆಂಡರೂ ಬೇರೆ, ಕೇಳುವ ಕಾಗದವೂ ಬೇರೆ.

1956ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಶಾಸನಬದ್ಧ ಸಂಸ್ಥೆಯಾಯಿತು, 1969ರಲ್ಲಿ ಸಮಾಜವಿಜ್ಞಾನದ ಸಂಶೋಧನೆಗೆಂದೇ ಐಸಿಎಸ್‌ಎಸ್‌ಆರ್ ಎಂಬ ಮಂಡಳಿ ಹುಟ್ಟಿತು, 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಬೆಂಗಳೂರಿನಲ್ಲಿ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಕಟ್ಟಿದರು. ಐಸೆಕ್‌ನಂಥ ಸಂಸ್ಥೆಗಳಲ್ಲಿ ಪಿಎಚ್.ಡಿ. ಪ್ರವೇಶ ಮತ್ತು ಐಸಿಎಸ್‌ಎಸ್‌ಆರ್ ಫೆಲೋಶಿಪ್ ಒಂದೇ ಸೂರಿನಡಿ ಸಿಗುವ ಮಾದರಿ ಬೆಳೆಯಿತು. ಸೀಟು ಕೆಲವೇ, ಆದರೆ ಬಂದ ವಿದ್ಯಾರ್ಥಿ ಹೊಟ್ಟೆಪಾಡಿಗೆ ಬೇರೆ ಬಾಗಿಲು ತಟ್ಟಬೇಕಿರಲಿಲ್ಲ. ಈ ಮಾದರಿ ವಿಶ್ವವಿದ್ಯಾಲಯಗಳಿಗೆ ಹರಡಲಿಲ್ಲ ಎಂಬುದೇ ಮುಂದಿನ ಕಥೆಯ ಅರ್ಧ ಭಾಗ. 1984ರಿಂದ ಯುಜಿಸಿ ಜೆಆರ್‌ಎಫ್‌ಗೆ ರಾಷ್ಟ್ರಮಟ್ಟದ ಪರೀಕ್ಷೆ ನಡೆಸತೊಡಗಿತು. 1989ರ ಡಿಸೆಂಬರ್‌ನಲ್ಲಿ ಉಪನ್ಯಾಸಕರ ಅರ್ಹತೆಯೂ ಅದೇ ಪರೀಕ್ಷೆಗೆ ಬಂದು ಸೇರಿ, ಇವತ್ತಿನ ನೆಟ್ ಆಯಿತು. ಪಾಠ ಮಾಡಬಲ್ಲವರು ಯಾರು, ಸಂಶೋಧನೆ ಮಾಡಬಲ್ಲವರು ಯಾರು ಎಂಬ ಎರಡು ಬೇರೆ ಪ್ರಶ್ನೆಗಳಿಗೆ ಅಂದಿನಿಂದ ಒಂದೇ ಅಳತೆಗೋಲು.

ಆದರೂ 2012ರವರೆಗೆ ಆ ಅಳತೆಗೋಲಿನಲ್ಲಿ ಒಂದು ಜೀವಂತ ಭಾಗವಿತ್ತು. ಮೂರನೆಯ ಪತ್ರಿಕೆಯಲ್ಲಿ ಬರೆದು ಉತ್ತರಿಸಬೇಕಿತ್ತು. ಮೊದಲ ಎರಡು ಪತ್ರಿಕೆಗಳಲ್ಲಿ ಕನಿಷ್ಠ ಅಂಕ ದಾಟಿದವರ ಮೂರನೆಯ ಪತ್ರಿಕೆಯನ್ನು ಮಾತ್ರ ತಿದ್ದುತ್ತಿದ್ದರು. ಒಬ್ಬ ಅಭ್ಯರ್ಥಿ ವಾದ ಕಟ್ಟುತ್ತಾಳೋ ಇಲ್ಲವೋ ಎಂಬುದನ್ನು ಯಾರೋ ಒಬ್ಬ ಅಧ್ಯಾಪಕರು ಕೂತು ಓದುತ್ತಿದ್ದರು. 2012ರ ಜೂನ್‌ನಿಂದ ಅದೂ ಬಹುಆಯ್ಕೆಯ ಪ್ರಶ್ನೆಗಳ ಪತ್ರಿಕೆಯಾಯಿತು. ಲಕ್ಷಗಟ್ಟಲೆ ಉತ್ತರಪತ್ರಿಕೆ ತಿದ್ದುವುದು ಕಷ್ಟ, ಒಬ್ಬೊಬ್ಬ ಮೌಲ್ಯಮಾಪಕರು ಒಂದೊಂದು ರೀತಿ ಅಂಕ ಕೊಡುತ್ತಾರೆ ಎಂಬ ದೂರು ಇದ್ದದ್ದು ನಿಜ. ಕಳೆದುಹೋದದ್ದೂ ಅಷ್ಟೇ ನಿಜ. ಸಮಾಜಶಾಸ್ತ್ರದಲ್ಲಿ ಐದು ವರ್ಷ ಕ್ಷೇತ್ರಕಾರ್ಯ ಮಾಡಬೇಕಾದವರನ್ನು ಆರಿಸುವ ಪರೀಕ್ಷೆಯಲ್ಲಿ ಈಗ ಒಂದು ವಾಕ್ಯವನ್ನೂ ಬರೆಯಬೇಕಿಲ್ಲ. 2018ರಲ್ಲಿ ಮೂರು ಪತ್ರಿಕೆ ಎರಡಾದವು: ಮೊದಲನೆಯದರಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100, ಒಟ್ಟು 300 ಅಂಕ, ಮೂರು ಗಂಟೆ. ಅದೇ ವರ್ಷದ ಡಿಸೆಂಬರ್‌ನಿಂದ ಪರೀಕ್ಷೆ ನಡೆಸುವ ಹೊಣೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯಾದ ಎನ್‌ಟಿಎಗೆ ಹೋಯಿತು.

ಇದೇ ಅವಧಿಯಲ್ಲಿ ನೆಟ್‌ನ ಹೊರಗಿದ್ದ ಹಲವು ದಾರಿಗಳೂ ಒಂದೊಂದಾಗಿ ನೆಟ್‌ನ ಒಳಗೇ ಬಂದವು. ಪರಿಶಿಷ್ಟ ಜಾತಿ, ಪಂಗಡದವರಿಗೆಂದು ರಾಜೀವ್ ಗಾಂಧಿ ಹೆಸರಿನ ಫೆಲೋಶಿಪ್ 2005-06ರಲ್ಲಿ ಶುರುವಾದಾಗ ನೆಟ್ ಕೇಳುತ್ತಿರಲಿಲ್ಲ. ಸ್ನಾತಕೋತ್ತರ ಪದವಿಯ ಅಂಕದ ಮೇಲೆ ಆಯ್ಕೆ ನಡೆಯುತ್ತಿತ್ತು. ಇಂದು ಪರಿಶಿಷ್ಟ ಜಾತಿಯ ರಾಷ್ಟ್ರೀಯ ಫೆಲೋಶಿಪ್ ವರ್ಷಕ್ಕೆ 2,000, ಹಿಂದುಳಿದ ವರ್ಗದ್ದು 1,000. ಎರಡಕ್ಕೂ ಆಧಾರ ನೆಟ್ ಅಂಕವೇ. 2009ರಲ್ಲಿ ಬಂದ ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್, ಬೇರೆ ಯೋಜನೆಗಳ ಜೊತೆ ಒಂದರ ಮೇಲೊಂದು ಬೀಳುತ್ತದೆ ಎಂಬ ಕಾರಣದ ಮೇಲೆ 2022-23ರಿಂದ ಹೊಸ ಆಯ್ಕೆಗೆ ಮುಚ್ಚಿತು. 2022ರ ಅಕ್ಟೋಬರ್‌ನಿಂದ ಈ ಫೆಲೋಶಿಪ್‌ಗಳ ಹಣ ಹಂಚುವ ಕೆಲಸ ಯುಜಿಸಿಯಿಂದ ಆಯಾ ಹಣಕಾಸು ನಿಗಮಗಳಿಗೆ ವರ್ಗವಾಯಿತು. ಹಾಗಾಗಿ ಒಂದೇ ವಿಭಾಗದ ಮೂವರು ಸಂಶೋಧಕರು ಹಣ ಬರಲಿಲ್ಲವೆಂದು ಕೇಳಬೇಕಾದರೆ ಮೂರು ಕಚೇರಿಗಳಿಗೆ ಪತ್ರ ಬರೆಯುತ್ತಾರೆ.

ನೆಟ್ ಇಲ್ಲದವರಿಗೆ ಉಳಿದ ಕೆಲವೇ ನೆಲೆಗಳಲ್ಲಿ ಒಂದು 'ನಾನ್-ನೆಟ್' ಫೆಲೋಶಿಪ್. 2006ರಲ್ಲಿ ಶುರುವಾದ ಇದರಲ್ಲಿ ಪಿಎಚ್.ಡಿ.ಗೆ ತಿಂಗಳಿಗೆ 8,000 ರೂಪಾಯಿ. 2015ರ ಅಕ್ಟೋಬರ್‌ನಲ್ಲಿ ಇದನ್ನು ನಿಲ್ಲಿಸುವ ತೀರ್ಮಾನವಾದಾಗ ದಿಲ್ಲಿಯ ಯುಜಿಸಿ ಕಚೇರಿಯ ಮುಂದೆ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕೂತರು. ಯೋಜನೆ ಉಳಿಯಿತು, ಮೊತ್ತ ಮೇಲೇರಲಿಲ್ಲ. ಅದೇ ಅವಧಿಯಲ್ಲಿ ಜೆಆರ್‌ಎಫ್ 2014ರಲ್ಲಿ 25,000, 2019ರಲ್ಲಿ 31,000, 2023ರಲ್ಲಿ 37,000 ಆಯಿತು. ನಾನ್-ನೆಟ್ ಸಿಗುವುದು ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ. ಅಂದರೆ ಕರ್ನಾಟಕದ ಮಟ್ಟಿಗೆ ಕಲಬುರಗಿಯ ಕಡಗಂಚಿಯಲ್ಲಿ ಉಂಟು. ಧಾರವಾಡ, ಮೈಸೂರು, ಶಂಕರಘಟ್ಟದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇಲ್ಲ. ನಮ್ಮ ಸಮಾಜವಿಜ್ಞಾನ ವಿದ್ಯಾರ್ಥಿಗಳಲ್ಲಿ ಬಹುಪಾಲು ಇರುವುದು ರಾಜ್ಯ ವಿಶ್ವವಿದ್ಯಾಲಯಗಳಲ್ಲೇ.

ಕನ್ನಡದಲ್ಲಿ ಎಂ.ಎ. ಓದಿದವರಿಗೆ ಇನ್ನೂ ಒಂದು ತೊಡಕು. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಹಿಂದಿ ಮಾಧ್ಯಮದಲ್ಲಿ ಇತಿಹಾಸ ಓದಿದ ವಿದ್ಯಾರ್ಥಿಗೆ ತನ್ನ ಭಾಷೆಯಲ್ಲಿ ಪ್ರಶ್ನೆ ಸಿಗುತ್ತದೆ, ಕನ್ನಡ ಮಾಧ್ಯಮದವರಿಗೆ ಸಿಗುವುದಿಲ್ಲ. ರಾಜ್ಯದ್ದೇ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ನಲ್ಲಿ ಕನ್ನಡಕ್ಕೆ ಜಾಗವಿದೆ, ಆದರೆ ಕೆ-ಸೆಟ್ ಕೊಡುವುದು ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತೆಯನ್ನು ಮಾತ್ರ, ಫೆಲೋಶಿಪ್ ಅಲ್ಲ. ತಮ್ಮ ಭಾಷೆಯಲ್ಲಿ ಬರೆದರೆ ಹಣವಿಲ್ಲ, ಹಣವಿರುವ ಕಡೆ ತಮ್ಮ ಭಾಷೆಯಿಲ್ಲ. ಇದು ಪ್ರತಿಭೆಯ ಸೋಸುವಿಕೆ ಎಂದು ಒಪ್ಪಿಕೊಳ್ಳುವುದು ಕಷ್ಟ.

ಇನ್ನು 2024ಕ್ಕೆ ಬರೋಣ. ಆ ವರ್ಷದ ಮಾರ್ಚ್‌ನಲ್ಲಿ ಯುಜಿಸಿ, ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕವನ್ನೇ ಬಳಸಬಹುದು ಎಂದಿತು. ಹತ್ತು ಕಡೆ ಅರ್ಜಿ, ಹತ್ತು ಕಡೆ ಶುಲ್ಕ, ಹತ್ತು ಊರಿಗೆ ಬಸ್ಸು ತಪ್ಪಲಿ ಎಂಬುದು ಒಳ್ಳೆಯ ಉದ್ದೇಶವೇ. ಜೆಆರ್‌ಎಫ್ ಇದ್ದವರಿಗೆ ಸಂದರ್ಶನ ಮಾತ್ರ. ಉಳಿದ ಎರಡು ವರ್ಗಕ್ಕೆ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30. ಜೂನ್ 18ರಂದು ಪರೀಕ್ಷೆ ನಡೆಯಿತು, ಸೋರಿಕೆಯ ಶಂಕೆಯಲ್ಲಿ ಮರುದಿನವೇ ರದ್ದಾಯಿತು, ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಕಂಪ್ಯೂಟರಿನಲ್ಲಿ ಮತ್ತೆ ನಡೆಯಿತು, ಫಲಿತಾಂಶ ಬಂದಾಗ ಅಕ್ಟೋಬರ್. ಅಷ್ಟರಲ್ಲಿ ಎಷ್ಟೋ ಕಡೆ ಪ್ರವೇಶದ ಸುತ್ತು ಮುಗಿದಿತ್ತು. ಇಲ್ಲೇ ಎರಡು ಕ್ಯಾಲೆಂಡರುಗಳ ಜಗಳ ಕಣ್ಣಿಗೆ ಹೊಡೆಯುತ್ತದೆ. 'ಪ್ರವೇಶಕ್ಕೆ ಮಾತ್ರ' ಅಂಕದ ಆಯುಸ್ಸು ಒಂದೇ ವರ್ಷ. ಜೆಆರ್‌ಎಫ್ ಪತ್ರಕ್ಕೂ ಒಂದು ಗಡುವು ಉಂಟು. ಆದರೆ ರಾಜ್ಯದ ವಿಶ್ವವಿದ್ಯಾಲಯವೊಂದು ನಿಮ್ಮ ವಿಷಯದಲ್ಲಿ ಯಾವಾಗ ಅಧಿಸೂಚನೆ ಹೊರಡಿಸುತ್ತದೆ ಎಂಬುದಕ್ಕೆ ಅಂಥ ಗಡುವೇನೂ ಇಲ್ಲ.

ಅಧಿಸೂಚನೆ ಬಂದರೂ ಗೈಡ್ ಸಿಗಬೇಕು. 2022ರ ನಿಯಮಾವಳಿಯಂತೆ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುವ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಇಬ್ಬರಿದ್ದು, ಒಬ್ಬರು ನಿವೃತ್ತಿಯ ಅಂಚಿನಲ್ಲಿದ್ದರೆ ಲೆಕ್ಕ ತಾನೇ ಗೊತ್ತಾಗುತ್ತದೆ. ಆದ್ದರಿಂದ ಅರ್ಜಿ ಹಾಕುವ ಮೊದಲು ವಿಭಾಗದ ಹೆಸರು ನೋಡಿದರೆ ಸಾಲದು. ಯಾರ ಕೈಕೆಳಗೆ ಎಷ್ಟು ಸ್ಥಾನ ಖಾಲಿ, ಯಾವ ಮೀಸಲಾತಿಯಲ್ಲಿ ಖಾಲಿ, ಅವರು ನಿವೃತ್ತರಾಗುವುದು ಯಾವಾಗ, ಈ ಮೂರನ್ನೂ ವಿಚಾರಿಸಿಕೊಳ್ಳಬೇಕು. ಜೆಆರ್‌ಎಫ್ ಪತ್ರ ಕೈಯಲ್ಲಿದ್ದೂ ಗೈಡ್ ಸಿಗದೆ ಅದರ ಅವಧಿ ಮುಗಿಸಿಕೊಂಡವರು ಮೂಲೆಮೂಲೆಯಲ್ಲೂ ಸಿಗುತ್ತಾರೆ.

ಸಂದರ್ಶನದಲ್ಲಿ ಅಂಕ ಹೋಗುವುದು ಹೆಚ್ಚಾಗಿ ಸಿನಾಪ್ಸಿಸ್ ಎಂಬ ಸಂಶೋಧನಾ ಪ್ರಸ್ತಾವದಿಂದ. 'ಕರ್ನಾಟಕದಲ್ಲಿ ಮಹಿಳಾ ಸಬಲೀಕರಣ: ಒಂದು ಅಧ್ಯಯನ' ಎಂಬಂಥ ಶೀರ್ಷಿಕೆ ಸಮಿತಿಯ ಮುಂದೆ ಡಜನ್‌ಗಟ್ಟಲೆ ಬರುತ್ತದೆ. ಅದರಲ್ಲಿ ಪ್ರಶ್ನೆಯೇ ಇರುವುದಿಲ್ಲ. ಅದೇ ಆಸಕ್ತಿಯನ್ನು ಹೀಗೆ ಇಳಿಸಬಹುದು: ತುಂಗಭದ್ರಾ ಎಡದಂಡೆ ಕಾಲುವೆಯ ಸಿಂಧನೂರು ತಾಲ್ಲೂಕಿನಲ್ಲಿ ಭತ್ತದ ನಾಟಿಗೆ ಹೋಗುವ ಹೆಣ್ಣುಮಕ್ಕಳು ಸ್ವಸಹಾಯ ಸಂಘದ ಕಂತನ್ನು ಯಾವ ದುಡಿಮೆಯಿಂದ ಕಟ್ಟುತ್ತಾರೆ, ನಾಟಿಯಿಲ್ಲದ ತಿಂಗಳಲ್ಲಿ ಆ ಕಂತು ಎಲ್ಲಿಂದ ಬರುತ್ತದೆ? ಈಗ ಊರು ಗೊತ್ತು, ಯಾರನ್ನು ಕೇಳಬೇಕು ಗೊತ್ತು, ಯಾವ ದಾಖಲೆ ನೋಡಬೇಕು ಗೊತ್ತು: ಸಂಘದ ಪಾಸ್‌ಬುಕ್ಕು, ಸಭೆಯ ನಡಾವಳಿ, ಮನೆಯ ಸಾಲದ ಲೆಕ್ಕ. ಎಷ್ಟು ಊರು, ಎಷ್ಟು ಮನೆ, ಎಷ್ಟು ಹಂಗಾಮು ಎಂಬ ಅಂಕಿ ಕೊಟ್ಟು, ಆ ಸಂಖ್ಯೆ ಯಾಕೆ ಎಂದು ಒಂದು ವಾಕ್ಯ ಬರೆದರೆ ವಿಧಾನದ ಭಾಗ ಗಟ್ಟಿಯಾಗುತ್ತದೆ. ಹಿಂದಿನ ಅಧ್ಯಯನಗಳನ್ನು 'ಇವರು ಹೀಗೆ ಹೇಳಿದ್ದಾರೆ' ಎಂದು ಸಾಲಾಗಿ ಪೇರಿಸುವುದಕ್ಕಿಂತ, ಅವುಗಳಲ್ಲಿ ಇಬ್ಬರು ಎಲ್ಲಿ ಒಪ್ಪುವುದಿಲ್ಲ ಎಂದು ತೋರಿಸುವುದು ಮೇಲು. ನಿಮ್ಮ ಪ್ರಶ್ನೆ ಹುಟ್ಟುವುದು ಅಲ್ಲಿಂದಲೇ.

ನೆಟ್ ಇಲ್ಲದೆ ಈಗಾಗಲೇ ನೋಂದಣಿಯಾದವರು ಈ ಸಿನಾಪ್ಸಿಸ್‌ಅನ್ನೇ ತಿದ್ದಿ ಐಸಿಎಸ್‌ಎಸ್‌ಆರ್‌ನ ಡಾಕ್ಟೋರಲ್ ಫೆಲೋಶಿಪ್‌ಗೆ ಹಾಕಬಹುದು. ಅಲ್ಲಿ ಪರೀಕ್ಷೆಯಿಲ್ಲ, ಪ್ರಸ್ತಾವವನ್ನು ಓದುತ್ತಾರೆ. ಅವಧಿ ಎರಡೇ ವರ್ಷ. ಕ್ಷೇತ್ರಕಾರ್ಯ ಯಾವ ತಿಂಗಳು, ಬರವಣಿಗೆ ಯಾವ ತಿಂಗಳು ಎಂದು ಆ ಎರಡು ವರ್ಷದೊಳಗೆ ಹೊಂದಿಸಿ ತೋರಿಸದಿದ್ದರೆ ಒಳ್ಳೆಯ ವಿಷಯವೂ ಹಿಂದೆ ಬೀಳುತ್ತದೆ. ರಾಜ್ಯದ ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತರ ಇಲಾಖೆಗಳೂ ಪೂರ್ಣಾವಧಿ ಸಂಶೋಧಕರಿಗೆ ಬೇರೆಯಾಗಿ ನೆರವು ಕೊಡುತ್ತವೆ. ಬೇರೆಲ್ಲೂ ಫೆಲೋಶಿಪ್ ಪಡೆಯುತ್ತಿಲ್ಲ ಎಂಬ ಪ್ರಮಾಣಪತ್ರ ಅಲ್ಲಿ ಬೇಕಾಗುತ್ತದೆ.

ಇನ್ನು ಕಾಗದಗಳು. ಕರ್ನಾಟಕದವರು ಎಡವುವ ಜಾಗ ಎರಡು. ಮೊದಲನೆಯದು ಜಾತಿ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುವ 2ಎ, 3ಎ, 3ಬಿ ಪತ್ರ ರಾಜ್ಯದ ಲೆಕ್ಕಕ್ಕೆ. ನೆಟ್‌ಗೆ ಬೇಕಿರುವುದು ಕೇಂದ್ರದ ನಮೂನೆಯ ಒಬಿಸಿ ಕೆನೆಪದರೇತರ ಪತ್ರ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಯೂ ಕೇಂದ್ರದ ಪಟ್ಟಿಯಲ್ಲಿಲ್ಲ, 3ಬಿಯಲ್ಲಂತೂ ಇದನ್ನು ನೋಡಿಕೊಳ್ಳಲೇಬೇಕು. ಅರ್ಜಿಯಲ್ಲಿ ಒಬಿಸಿ ಎಂದು ತುಂಬಿ ಮೀಸಲಾತಿಯ ಕಟ್ ಆಫ್‌ನಲ್ಲಿ ಜೆಆರ್‌ಎಫ್ ಬಂದ ಮೇಲೆ ಪತ್ರ ಹೊಂದದಿದ್ದರೆ ಫೆಲೋಶಿಪ್ಪೇ ಕೈತಪ್ಪುತ್ತದೆ. ಎರಡನೆಯದು ಇನಿಶಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುಳಾ ಕೆ', ಆಧಾರ್‌ನಲ್ಲಿ 'ಮಂಜುಳಾ ಕೆಂಚಪ್ಪ', ಬ್ಯಾಂಕ್ ಖಾತೆಯಲ್ಲಿ 'ಕೆ ಮಂಜುಳಾ'. ಮನುಷ್ಯರಿಗೆ ಇದು ಒಬ್ಬಳೇ ಹುಡುಗಿ, ಹಣ ಹಾಕುವ ತಂತ್ರಾಂಶಕ್ಕೆ ಮೂವರು. ಅರ್ಜಿ ತುಂಬುವ ಮೊದಲೇ ಆಧಾರ್ ಮತ್ತು ಬ್ಯಾಂಕ್ ಖಾತೆಯನ್ನು ಅಂಕಪಟ್ಟಿಯ ಹೆಸರಿಗೆ ತಿದ್ದಿಸಿಕೊಂಡರೆ ಮುಂದೆ ಆರು ತಿಂಗಳ ಅಲೆದಾಟ ತಪ್ಪುತ್ತದೆ.

ಸೇರಿದ ಮೇಲೆ ಜಾಯಿನಿಂಗ್ ರಿಪೋರ್ಟ್‌ಗೆ ಗೈಡ್, ವಿಭಾಗದ ಮುಖ್ಯಸ್ಥರು, ಕುಲಸಚಿವರ ಸಹಿ ಬೇಕು. ಫೆಲೋಶಿಪ್ ಹಣ ಪಾವತಿಯಾಗುವ ಕೆನರಾ ಬ್ಯಾಂಕ್ ಪೋರ್ಟಲ್‌ನ ಪದ್ಧತಿಯಲ್ಲಿ ವಿಶ್ವವಿದ್ಯಾಲಯದ ಒಬ್ಬ ನೌಕರ 'ಮೇಕರ್' ಆಗಿ ವಿವರ ತುಂಬುತ್ತಾರೆ, ಇನ್ನೊಬ್ಬರು 'ಚೆಕರ್' ಆಗಿ ಒಪ್ಪುತ್ತಾರೆ. ತಿಂಗಳು ತಿಂಗಳು ಇದೇ ದೃಢೀಕರಣ ನಡೆಯಬೇಕು. ಚೆಕರ್ ವರ್ಗವಾಗಿ ಹೊಸಬರಿಗೆ ಪಾಸ್‌ವರ್ಡ್ ಬರುವವರೆಗೆ ಇಡೀ ವಿಶ್ವವಿದ್ಯಾಲಯದ ಸಂಶೋಧಕರ ಹಣ ನಿಲ್ಲುತ್ತದೆ. ಹಾಸ್ಟೆಲಿನಲ್ಲಿ ಇಲ್ಲದವರು ಮನೆ ಬಾಡಿಗೆ ಭತ್ಯೆಯನ್ನು ಮೊದಲ ತಿಂಗಳಿಂದಲೇ ಕೇಳಬೇಕು. ಸಾದಿಲ್ವಾರು ವೆಚ್ಚಕ್ಕೆ ಸಮಾಜವಿಜ್ಞಾನದವರಿಗೆ ಮೊದಲ ಎರಡು ವರ್ಷ ವರ್ಷಕ್ಕೆ 10,000, ಆಮೇಲೆ 20,500. ಮೂಲ ಮೊತ್ತ ಏರಿದಂತೆ ಇದು ಏರಿಲ್ಲ. ವಿಜ್ಞಾನದವರಿಗೆ ಪ್ರಯೋಗಾಲಯವಿರುತ್ತದೆ, ಇವರ ಪ್ರಯೋಗಾಲಯ ಹಳ್ಳಿ, ಪತ್ರಾಗಾರ, ಬಸ್ ಚಾರ್ಜು. ಜೊತೆಗೆ ಬೇರೆ ಸಂಬಳ ಪಡೆಯುವಂತಿಲ್ಲ, ಅತಿಥಿ ಉಪನ್ಯಾಸಕ ಕೆಲಸವನ್ನು ಬಿಟ್ಟೇ ಸೇರಬೇಕು.

ಎರಡು ವರ್ಷವಾದ ಮೇಲೆ ಮೂವರ ಸಮಿತಿ ಕೆಲಸ ನೋಡಿ ಹಿರಿಯ ಫೆಲೋಶಿಪ್ ಆದ ಎಸ್‌ಆರ್‌ಎಫ್‌ಗೆ ಏರಿಸುತ್ತದೆ, ಆಗ ತಿಂಗಳಿಗೆ 42,000. ಈ ಸಭೆ ತಡವಾದಷ್ಟು ತಿಂಗಳ ವ್ಯತ್ಯಾಸದ ಹಣ ಬಾಕಿಯಾಗುತ್ತದೆ. ಹಾಗಾಗಿ 21ನೆಯ ತಿಂಗಳಲ್ಲೇ ಅರ್ಜಿ ಕೊಟ್ಟು ದಿನಾಂಕ ಕೇಳಬೇಕು. ಫೆಲೋಶಿಪ್‌ನ ಗರಿಷ್ಠ ಅವಧಿ ಐದು ವರ್ಷ, ಪಿಎಚ್.ಡಿ. ಮುಗಿಸಲು ನಿಯಮ ಕೊಡುವುದು ಆರು. ಐದರೊಳಗೆ ಪ್ರಬಂಧ ಸಲ್ಲಿಸಿದರೆ ಸಲ್ಲಿಸಿದ ದಿನಕ್ಕೇ ಹಣ ನಿಲ್ಲುತ್ತದೆ. ಮೌಲ್ಯಮಾಪಕರ ವರದಿ ಬಂದು ವೈವಾ (ಮೌಖಿಕ ಪರೀಕ್ಷೆ) ಆಗುವ ತಿಂಗಳುಗಳಿಗೆ ಯಾವ ಯೋಜನೆಯಲ್ಲೂ ಬಾಬ್ತು ಇಲ್ಲ.