ಸ್ಕೆಗ್ ಬೆಸುಗೆಗೆ ಅಡ್ಡ ಬರುವ ಕಾಣದ ಪೊರೆ

ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಮೋಟಾರಿನ ಪ್ರೊಪೆಲರ್ ಕೆಳಗೆ ಮೀನಿನ ಈಜುರೆಕ್ಕೆಯಂತೆ ಚಾಚಿಕೊಂಡಿರುವ ಸ್ಕೆಗ್ ಬಂಡೆಗೆ ಬಡಿದು ಮುರಿದರೆ, ಬಹಳ ಮಂದಿ ಎಪಾಕ್ಸಿ ಅಂಟು ಮೆತ್ತಿ ಸುಮ್ಮನಾಗುತ್ತಾರೆ. ಅಂಚಿನ ಸಣ್ಣ ಚಕ್ಕೆಗೆ ಅದು ಸಾಕು. ಅರ್ಧ ಸ್ಕೆಗ್ಗೇ ಹೋಗಿದ್ದರೆ ಮುಂದಿನ ಪೆಟ್ಟು ನೇರ ಪ್ರೊಪೆಲರಿಗೆ. ದೋಣಿಯ ತಿರುವಿನ ಹಿಡಿತವೂ ಸಡಿಲ. ಆಗ ಬೆಸುಗೆಯೇ ಬೇಕು.

ಕಬ್ಬಿಣದಲ್ಲಿ ಪಳಗಿದ ಕೈ ಸೋಲುವುದು ಇಲ್ಲೇ. ಸ್ಕೆಗ್ ಅಲ್ಯೂಮಿನಿಯಂನದ್ದು. ಅಲ್ಯೂಮಿನಿಯಂ ಆಕ್ಸಿಜನ್ನಿಗೆ ಜಗ್ಗದ ಲೋಹ ಎಂಬ ನಂಬಿಕೆ ಪೂರ್ತಿ ತಪ್ಪು. ಕೆರೆದ ಮರುಕ್ಷಣವೇ ಅದರ ಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ಶುದ್ಧ ಲೋಹ 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಪೊರೆ ಕರಗಲು 2,000 ಡಿಗ್ರಿ ದಾಟಬೇಕು. ಕಾದ ಹಾಲಿನ ಮೇಲಿನ ಕೆನೆ ಇದ್ದ ಹಾಗೆ. ಅಲ್ಲ, ನೀರು ತುಂಬಿದ ಎರಡು ಬಲೂನು ಇದ್ದ ಹಾಗೆ. ಎಷ್ಟು ಒತ್ತಿ ಹಿಡಿದರೂ ಒಳಗಿನ ನೀರು ಬೆರೆಯದು.

ಈ ಪೊರೆಯನ್ನು ಸುಲಿಯುವುದು ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟಿನ ಟಿಗ್ ವೆಲ್ಡಿಂಗ್: ಟಂಗ್‌ಸ್ಟನ್ ಕಡ್ಡಿಯ ತುದಿಯಿಂದ ವಿದ್ಯುತ್ ಜ್ವಾಲೆ, ಸುತ್ತ ಆರ್ಗಾನ್ ಅನಿಲದ ಮರೆ. ಸ್ಕೆಗ್ ಋಣ ಧ್ರುವವಾದ ಸರದಿಯಲ್ಲಿ ಆರ್ಗಾನ್ ಅಯಾನುಗಳು ಬಂದು ಬಡಿದು ಆಕ್ಸೈಡನ್ನು ಚೆದುರಿಸುತ್ತವೆ. ಮರುಸರದಿಯಲ್ಲಿ ಶಾಖ ಆಳಕ್ಕಿಳಿಯುತ್ತದೆ. ಸೆಕೆಂಡಿಗೆ ಹತ್ತಾರು ಸಲ ಸುಲಿ, ಕರಗಿಸು, ಸುಲಿ, ಕರಗಿಸು! 1940ರ ದಶಕದ ಆರಂಭದಲ್ಲಿ ವಿಮಾನದ ಮೆಗ್ನೀಸಿಯಂ ಬೆಸೆಯಲೆಂದು ರಸೆಲ್ ಮೆರೆಡಿತ್ ರೂಪಿಸಿದ ಟಂಗ್‌ಸ್ಟನ್ ಟಾರ್ಚ್‌ನ ಕುಡಿಯೇ ಇದು.

ಮೊದಲು ಗೇರ್ ಆಯಿಲ್ ಬಸಿದು, ಪ್ರೊಪೆಲರ್ ಕಳಚಿ. ಅದೇ ಮಾದರಿಯ ಒಳ್ಳೆಯ ಸ್ಕೆಗ್ಗಿನ ಅಚ್ಚನ್ನು ರಟ್ಟಿನ ಮೇಲೆ ಗೀಚಿಕೊಂಡು ಅಲ್ಯೂಮಿನಿಯಂ ತಟ್ಟೆ ಕತ್ತರಿಸಿ. ಕೂಡುವ ಅಂಚುಗಳನ್ನು ಎರಡೂ ಬದಿಯಿಂದ 45 ಡಿಗ್ರಿಗೆ ಇಳಿಜಾರು ಮಾಡಿ. ಅಸಿಟೋನ್ ಮೊದಲು, ಸ್ಟೇನ್‌ಲೆಸ್ ಸ್ಟೀಲ್ ಬ್ರಷ್ ಆಮೇಲೆ. ಕ್ರಮ ತಪ್ಪಿದರೆ ಜಿಡ್ಡನ್ನೇ ಲೋಹದೊಳಕ್ಕೆ ತಿಕ್ಕಿದಂತೆ. ಬ್ರಷ್ ಕಬ್ಬಿಣಕ್ಕೆ ತಾಗಿದ್ದಾಗಿರಬಾರದು. ಅಸಿಟೋನ್ ಪೂರ್ತಿ ಆರಿದ ಮೇಲೆಯೇ ಬಿಸಿ: ಸುಮಾರು 100 ಡಿಗ್ರಿಗೆ ಕಾಯಿಸಿ, 4043 ಕಡ್ಡಿಯಿಂದ (ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಬೆಸುಗೆ ಕಡ್ಡಿ) ತುಂಬಿ. ಉಪ್ಪುನೀರು ಕುಡಿದ ಹಳೆಯ ಎರಕದಿಂದ ಕಪ್ಪು ಚುಕ್ಕೆಗಳು ಉಕ್ಕುತ್ತವೆ. ಅವುಗಳ ಮೇಲೆಯೇ ಬೆಸೆಯಬೇಡಿ, ಅಷ್ಟನ್ನೂ ಉಜ್ಜಿ ತೆಗೆದು ಮತ್ತೆ ತುಂಬಿ.

ಒಂದೇ ಏಟಿಗೆ ಉದ್ದಕ್ಕೂ ಬೆಸೆಯುವ ಆತುರ ಬೇಡ. ಅಲ್ಯೂಮಿನಿಯಂ ಉಕ್ಕಿಗಿಂತ ಎಷ್ಟೋ ಪಟ್ಟು ವೇಗವಾಗಿ ಶಾಖ ಹರಿಸುತ್ತದೆ. ಪ್ರೊಪೆಲರ್ ಶಾಫ್ಟಿನ ರಬ್ಬರ್ ಸೀಲ್ ಪಕ್ಕದಲ್ಲೇ ಇದೆ. ತುಂಡುತುಂಡಾಗಿ ಬೆಸೆದು, ನಡುವೆ ಆರಲು ಬಿಡಿ.

ಉಜ್ಜಿ ನಯಗೊಳಿಸಿದ ಮೇಲೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ. ತಾಮ್ರ ಬೆರೆತ ಬಣ್ಣ ಮಾತ್ರ ಬೇಡ, ನೀರಿನಲ್ಲಿ ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಆಯಿಲ್ ತುಂಬುವ ಮುನ್ನ ಗೇರ್‌ಕೇಸಿಗೆ ಗಾಳಿ ತುಂಬಿ ಒತ್ತಡ ನೋಡಿ. ಒತ್ತಡ ಮಾಪಕದ ಮುಳ್ಳು ಇಳಿಯತೊಡಗಿದರೆ ಸೀಲ್ ಬೆಂದಿರಬಹುದು; ಸೋಪಿನ ನೀರು ಬಳಿದರೆ ಗುಳ್ಳೆ ಏಳುವ ಜಾಗವೇ ಅದನ್ನು ತೋರಿಸುತ್ತದೆ.