8 ವರ್ಕರ್ ಹಚ್ಚಿದರೂ ಪೈಥಾನ್ ನಿಧಾನ, ಯಾಕೆ?

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ 8 ಕೋರ್ ಇದೆ. 10 ಲಕ್ಷ ಸಂಖ್ಯೆಗಳಿಗೆ ಒಂದು ಚಿಕ್ಕ ಲೆಕ್ಕ ಮಾಡಬೇಕು. ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವ ಪೈಥಾನ್‌ನ ಪ್ರೊಸೆಸ್‌ಪೂಲ್‌ಎಕ್ಸಿಕ್ಯೂಟರ್‌ನ ಮ್ಯಾಪ್ ಬಳಸಿ 8 ವರ್ಕರ್ ಹಚ್ಚಿದೆ. ಸಾದಾ ಫಾರ್ ಲೂಪೇ ಬೇಗ ಮುಗಿಯುತ್ತದೆ! ತಪ್ಪು ಎಲ್ಲಿದೆ?

ಉತ್ತರ: ಅವರೆಕಾಯಿ ಸುಲಿಯಲು ಎಂಟು ಜನರನ್ನು ಕೂರಿಸಿದ್ದೀರಿ, ಸರಿ. ಆದರೆ ಒಂದೊಂದೇ ಕಾಯಿ ತಂದು ಕೈಗೆ ಕೊಡುತ್ತಿದ್ದೀರಿ. ಸುಲಿಯೋದಕ್ಕಿಂತ ಓಡಾಟವೇ ಜಾಸ್ತಿ ಆಯ್ತು, ಅಲ್ವಾ?

ಪ್ರತಿ ವರ್ಕರ್ ಬೇರೆಯೇ ಪ್ರೊಸೆಸ್. ಅದರ ಪೈಥಾನ್ ಬೇರೆ, ಮೆಮೊರಿ ಬೇರೆ. ಹಾಗಾಗಿ ಪ್ರತಿ ಸಂಖ್ಯೆಯನ್ನೂ ಪಿಕಲ್ ಮಾಡಿ (ಅಂದರೆ ಬೈಟ್‌ಗಳಾಗಿ ಕಟ್ಟಿ) ಪೈಪ್‌ನಲ್ಲಿ ಕಳಿಸಬೇಕು, ಅಲ್ಲಿ ಬಿಚ್ಚಬೇಕು, ಉತ್ತರವೂ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಉದಾಹರಣೆಗೆ, ಒಂದು ಸಂಖ್ಯೆಯ ವರ್ಗ ಮಾಡಲು ಒಂದು ಮೈಕ್ರೋಸೆಕೆಂಡೂ ಬೇಡ. ಹೋಗಿಬರಲು ಅದರ ಹತ್ತಾರು ಪಟ್ಟು ಹೊತ್ತು ಬೇಕು.

ನೀವು ಬಳಸಿದ ಮ್ಯಾಪ್‌ನಲ್ಲಿ ಚಂಕ್‌ಸೈಜ್ (ಒಂದು ಕಂತೆಯಲ್ಲಿ ಎಷ್ಟು ಸಂಖ್ಯೆ ಕಳಿಸಬೇಕು ಎಂಬುದು) ಹೇಳದಿದ್ದರೆ ಅದು 1 ಅಂತಲೇ ಲೆಕ್ಕ. ಅಂದರೆ 10 ಲಕ್ಷ ಸಲ ಓಡಾಟ. ಚಂಕ್‌ಸೈಜ್ 10,000 ಎಂದು ಕೊಡಿ, 100 ಕಂತೆಗಳಲ್ಲಿ ಮುಗಿಯುತ್ತದೆ. ಮಲ್ಟಿಪ್ರೊಸೆಸಿಂಗ್ ಎಂಬ ಇನ್ನೊಂದು ಮಾಡ್ಯೂಲ್‌ನ ಪೂಲ್ ಮ್ಯಾಪ್ ಮಾತ್ರ ಈ ಕಂತೆ ಕಟ್ಟುವ ಕೆಲಸವನ್ನು ತಾನೇ ಮಾಡಿಕೊಳ್ಳುತ್ತದೆ, ಒಬ್ಬ ವರ್ಕರ್‌ಗೆ ಸುಮಾರು ನಾಲ್ಕು ಕಂತೆಯಂತೆ. ಎರಡೂ ಒಂದೇ ಅಂದುಕೊಂಡು ಎಡವುವವರು ಬಹಳ.

ನಾನೂ ಎಡವಿದ್ದೇನೆ, ಬೇರೆ ಕಡೆ. ಒಂದು ದೊಡ್ಡ ಡೇಟಾಫ್ರೇಮನ್ನೇ (ಸಾಲು-ಕಾಲಂಗಳ ಡೇಟಾ ಟೇಬಲ್) ಪ್ರತಿ ಕೆಲಸದ ಜೊತೆ ಕಳಿಸುತ್ತಿದ್ದೆ. ಫ್ಯಾನ್ ಕೂಗಿದ್ದೇ ಕೂಗಿದ್ದು, ಮೆಮೊರಿ ಖಾಲಿ. ಕೊನೆಗೆ ಫೈಲಿನ ಹೆಸರು ಮಾತ್ರ ಕಳಿಸಿ, ವರ್ಕರ್ ತಾನೇ ತೆರೆದು ಓದಲಿ ಎಂದು ಬಿಟ್ಟೆ. ಮಷಿನ್ ತಣ್ಣಗಾಯಿತು.

ಥ್ರೆಡ್ (ಒಂದೇ ಪ್ರೊಸೆಸ್ ಒಳಗೆ ಓಡುವ ಕೆಲಸದ ಎಳೆ) ಯಾಕೆ ಬೇಡ ಅಂತೀರಾ? ಜಿಐಎಲ್ ಎಂಬ ಬೀಗ ಇರುವ ಮಾಮೂಲಿ ಪೈಥಾನ್‌ನಲ್ಲಿ ಒಮ್ಮೆಗೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುತ್ತದೆ. ಆ ಬೀಗ ಇಲ್ಲದ ಬಿಲ್ಡ್ 3.13ರಿಂದ ಪ್ರತ್ಯೇಕವಾಗಿ ಸಿಗುತ್ತಿದೆ.

ವಿಂಡೋಸ್ ಅಥವಾ ಮ್ಯಾಕ್ ಆದರೆ 'ಇಫ್ ನೇಮ್ ಈಕ್ವಲ್ಸ್ ಮೈನ್' (if __name__ == "__main__":) ಸಾಲು ಮರೆಯಬೇಡಿ. ಅಲ್ಲಿ ಪ್ರತಿ ವರ್ಕರ್ ನಿಮ್ಮ ಫೈಲನ್ನು ಮೊದಲಿನಿಂದ ಇಂಪೋರ್ಟ್ ಮಾಡುತ್ತದೆ. ಆ ಸಾಲಿಲ್ಲದಿದ್ದರೆ ವರ್ಕರೂ ಪೂಲ್ ತೆರೆಯಲು ಹೋಗಿ ಎರರ್ ಕಾರುತ್ತದೆ. 3.14ರಿಂದ ಲಿನಕ್ಸ್‌ನಲ್ಲೂ ಫೋರ್ಕ್ (ಓಡುತ್ತಿರುವ ಪ್ರೊಸೆಸನ್ನೇ ನಕಲು ಮಾಡಿ ವರ್ಕರ್ ಹುಟ್ಟಿಸುವ ವಿಧಾನ) ಡಿಫಾಲ್ಟ್ ಅಲ್ಲ, ಹಾಗಾಗಿ ಅಲ್ಲೂ ಆ ಸಾಲು ಬೇಕು.

ಅಂದಹಾಗೆ, ನಿಮ್ಮ ಲೆಕ್ಕ ಬರೀ ವರ್ಗ ಮಾಡುವಂಥದ್ದಾದರೆ ಪೂಲ್ ಗೋಜೇ ಬೇಡ. ಎಂಟು ವರ್ಕರ್‌ಗಳು ಎದ್ದು ಕೂರುವಷ್ಟರಲ್ಲಿ ನಮ್‌ಪೈ ಎಂಬ ಲೆಕ್ಕದ ಲೈಬ್ರರಿ ಒಂದೇ ಪ್ರೊಸೆಸ್‌ನಲ್ಲಿ ಹತ್ತು ಲಕ್ಷವನ್ನೂ ಮುಗಿಸಿರುತ್ತದೆ.